ನಾಲ್ಕನೆಯ ಚಕ್ರದಡಿ

ಹಗಲು ನಾನು ದುರ್ಗಿಗುಡಿಯ ಮಹಡಿಯೊಂದರಲ್ಲಿ
ಕಂಡವರ ಬಾಯಿಗೆ ಹಲ್ಲು ಕಟ್ಟುವವನು.
ಬಾಯಿ ನಾನು ನೋಡುವುದಿಲ್ಲ, ಡಾಕ್ಟರು ನೋಡುತ್ತಾರೆ.
ನನ್ನ ಬಳಿ ಬರುವುದು ಅಚ್ಚು ಮಾತ್ರ,
ಹೆಸರಿನ ಚೀಟಿ ಅಂಟಿಸಿಕೊಂಡ ದವಡೆ.

ರಾತ್ರಿ, ಬಟ್ಟಲಲ್ಲಿ ಮಿಕ್ಕ ಗಾರೆ
ಗಟ್ಟಿಯಾಗುವ ಮೊದಲು
ಒಂದು ರಸ್ತೆ ಸುರಿಯುತ್ತೇನೆ.

ಅಂಗೈ ಮೇಲೆ ಕೂರುವ ಹೆರಾಲ್ಡ್ ಕಾರು,
ಇಪ್ಪತ್ನಾಲ್ಕರಲ್ಲಿ ಒಂದು ಪಾಲು,
ಮಜ್ಜಿಗೆ ಬಣ್ಣ, ಬಾಗಿಲಂಚಿಗೆ ತುಸು ತುಕ್ಕು.
ಅದಕ್ಕೆ ಹಿಡಿದದ್ದು ಮೂರು ತಿಂಗಳು.
ಅದು ನಿಲ್ಲುವ ನೆಲಕ್ಕೆ ಏಳು.

ಸಾಗರದ ಗುಡಿಗಾರರ ಅಂಗಡಿಯಲ್ಲಿ
ಗಣಪತಿಯಿಂದ ಹೊರಗುಳಿದ ಶಿವನೆಯ ತುಂಡು.
"ಗಂಟಿದೆ, ದೇವರಿಗಾಗದು" ಎಂದು ಸುಮ್ಮನೆ ಕೊಟ್ಟರು.
ಆ ಗಂಟೇ ನನಗೆ ದಿಬ್ಬ.
ಟಾರಿಗೆ ಕಪ್ಪು ಉಪ್ಪುಕಾಗದ,
ಮಣ್ಣಿಗೆ ಪ್ರಫುಲ್ಲಾಳ ಕಾಫಿ ಚರಟ, ಒಣಗಿಸಿ ಜರಡಿ ಹಿಡಿದದ್ದು,
ಮೈಲಿಗಲ್ಲಿಗೆ ಬಣ್ಣ ಹೊಂದದೆ ವಾಪಸು ಬಂದ ದವಡೆಹಲ್ಲು.
ಹಳದಿ ಹಚ್ಚಿದ ಮೇಲೆ ಯಾರಿಗೆ ಗೊತ್ತಾಗುತ್ತದೆ?

ಹೊಂಡಗಳೋ, ಅದು ನನ್ನ ಕಸುಬು.
ಚೋರಡಿ ಸೇತುವೆ ದಾಟಿದ ತಿರುವಿನ ಹೊಂಡಗಳನ್ನು
ಬಸ್ಸಿನ ಕಿಟಕಿಯಿಂದ ಎಣಿಸಿ ಬಂದಿದ್ದೆ:
ಹೋಗುತ್ತ ಆರು, ಬರುತ್ತ ಏಳು.
ಆರನ್ನು ನಂಬಿ
ಹಲ್ಲು ಕೊರೆಯುವ ಸೂಜಿಯಲ್ಲಿ ತೋಡಿದೆ.

ಎಲ್ಲವನ್ನೂ ಕಿರಿದು ಮಾಡಬಹುದು.
ಧೂಳನ್ನು ಆಗುವುದಿಲ್ಲ.
ಒಂದು ರಾತ್ರಿ ಮುಚ್ಚಲು ಮರೆತರೆ
ಬಾನೆಟ್ಟಿನ ಮೇಲೆ ಬಂಡೆಗಳು.
ನೀರೂ ಹಾಗೇ. ಹೊಂಡಕ್ಕೊಂದು ಹನಿ ಬಿಟ್ಟರೆ
ಉಬ್ಬಿ ಗೋಲಿಯಾಗಿ ಕೂರುತ್ತದೆ,
ಚಿಕ್ಕದಾಗಲೊಲ್ಲದ ಹಟ.
ಅದಕ್ಕೇ ನನ್ನ ಹೊಂಡಗಳು ಒಣಗಿವೆ.
ಕೇಳಿದವರಿಗೆ, ಇದು ಮಾರ್ಚ್ ತಿಂಗಳ ರಸ್ತೆ ಎನ್ನುತ್ತೇನೆ.

ಕೊನೆಗೆ ಕಾರು ಇಟ್ಟೆ.
ಮೂರು ಚಕ್ರ ಕೂತವು.
ಎಡಗಡೆ ಹಿಂದಿನದು ಗಾಳಿಯಲ್ಲಿ, ಕೂದಲೆಳೆಯಷ್ಟು.
ಬೇರೆಯವರಿಗೆ ಕಾಣದು. ನನಗೆ ನಿದ್ದೆ ಬಾರದು.

ಹೊಸ ಹಲ್ಲಿಟ್ಟವರಿಗೆ ಕಚ್ಚಲು ಕೊಡುವ
ನೀಲಿ ಕಾಗದ ತಂದು ಚಕ್ರಗಳಡಿ ಹಾಸಿದೆ.
ಕಚ್ಚು, ಅಂದೆ ಕಾರಿಗೆ.
ಮೂರು ನೀಲಿ ಚುಕ್ಕೆ. ನಾಲ್ಕನೆಯ ಕಡೆ ಬರೀ ಬೂದು.

"ಆಕ್ಸಲ್ ಬಗ್ಗಿಸು, ಮುಗೀತು" ಅಂದ ಫೋನಿನಲ್ಲಿ ವಾಮನ ಪೈ.
ಅವನ ಕಾರುಗಳು ಕನ್ನಡಿಯ ಮೇಲೆ ನಿಲ್ಲುತ್ತವೆ,
ಹೊಟ್ಟೆಯಡಿಯ ಪೈಪು ಕೂಡ ಹೊಳೆಯುವಂತೆ.
ಕನ್ನಡಿಗೆ ಊರಿಲ್ಲ.

ಬಗ್ಗಿಸಲಿಲ್ಲ ನಾನು.
ಮೇಣ ಕರಗಿಸಿ, ಚೂರು ಮೊನೆಯಲ್ಲಿ ಎತ್ತಿಕೊಂಡು,
ನೆಲವನ್ನೇ ಆ ಕೂದಲೆಳೆಯಷ್ಟು
ಮೇಲಕ್ಕೆ ಕರೆದೆ.
ಮತ್ತೆ ನೀಲಿ ಕಾಗದ.
ನಾಲ್ಕು.

ಭಾನುವಾರ ಶಾಲೆಯ ಸಭಾಂಗಣದಲ್ಲಿ
ಬೆಂಚುಗಳಿಗೆ ಬಿಳಿ ಪಂಚೆ ಹಾಸಿದ್ದರು.
ತೀರ್ಪುಗಾರರು ಟಾರ್ಚು ಬಿಟ್ಟು ಎಂಜಿನ್ ನೋಡಿದರು,
ಬಾಗಿಲ ಸಂದು ನೋಡಿದರು, ಬರೆದುಕೊಂಡರು.
ಬಹುಮಾನ ಕನ್ನಡಿಗೆ ಬಂತು.
ಚಪ್ಪಾಳೆ ತಟ್ಟಿದೆ. ಪೈ ಒಳ್ಳೆಯ ಮನುಷ್ಯ.

ಊಟದ ಹೊತ್ತಿಗೆ ಬಂದರು ಒಬ್ಬರು,
ಮೊಮ್ಮಗನ ಕೈ ಹಿಡಿದು.
ಹುಡುಗ ಕಾರು, ಕಾರು ಎಂದ.
ಅವರು ಕನ್ನಡಕ ಹಣೆಗೇರಿಸಿ, ಬಗ್ಗಿ
ರಸ್ತೆ ನೋಡಿದರು.
ಮೈಲಿಗಲ್ಲು ದಾಟಿ, ಒಂದೊಂದೇ ಹೊಂಡ ತಪ್ಪಿಸಿ
ತಿರುವಿಗೆ ಬರುವಾಗ
ಎಡಗೈ ತಾನಾಗಿ ಪಕ್ಕಕ್ಕೆ ಹೋಯಿತು.
"ಇಲ್ಲಿ ಸೆಕೆಂಡ್ ಗೇರ್."

ಇಪ್ಪತ್ತೆಂಟು ವರ್ಷ ಸಾಗರದ ಬಸ್ಸು ಓಡಿಸಿದವರಂತೆ.
"ಒಂದು ಹೊಂಡ ಬಿಟ್ಟಿದ್ದೀರಿ" ಎಂದು ನಕ್ಕರು.
ಪುಸ್ತಕದಲ್ಲಿ ಹೆಸರು ಬರೆದರು: ಲಾದ್ರು ಫರ್ನಾಂಡಿಸ್.
ಚೀಟಿ ನೆನಪಾಯಿತು. ಮೇಲ್ದವಡೆ,
ಎರಡು ಸಲ ತಿದ್ದಿ ಕಳಿಸಿದ್ದು.
ನಾನೇನೂ ಹೇಳಲಿಲ್ಲ.

ಸೋಮವಾರ ರಾತ್ರಿ ಏಳನೆಯದನ್ನು ತೋಡಿದೆ,
ಸರಿಯಾಗಿ ಅವರು ಬೆರಳಿಟ್ಟ ಕಡೆ.
ಆ ಏಟಿಗೆ ಮೇಣ ಅದುರಿ ಬಿಟ್ಟಿತ್ತು.
ಮತ್ತೆ ತೆಗೆದೆ ನೀಲಿ ಕಾಗದ.