ಮಿಲ್ಲಿನ ಮಾಳಿಗೆಯ ಮೇಲೆ ಆಸ್ಟ್ರೇಲಿಯಾ

ಗಂಗಾವತಿಯಲ್ಲಿ ಭಾನುವಾರ ಸಂಜೆ
ಮಿಲ್ಲಿನ ಬಾಯ್ಲರು ತಣ್ಣಗಾದ ಮೇಲೆ
ಕುದಿಸಿದ ನೆಲ್ಲಿನ ವಾಸನೆಯ ಮಾಳಿಗೆಯಲ್ಲಿ
ಐದು ಮಂದಿ ಕೂತು
ಆಸ್ಟ್ರೇಲಿಯಾ ಓದುತ್ತೇವೆ.

ಹೊರಡಲು ಇನ್ನು ಆರು ವಾರ.
"ಹೋಗೋ ಮನಿ ಸುದ್ದಿ ತಿಳೀದಾಂವ ಬೀಗ ಅಲ್ಲ,
ಬಿಟ್ಟಿ ಉಣ್ಣಾಂವ"
ಎನ್ನುತ್ತಾರೆ ತಂಡದ ಮುಖಂಡರು ಮಲ್ಲನಗೌಡ ಸರ್,
ಬೀಜದ ಕಂಪನಿಯ ಟೋಪಿಯಲ್ಲಿ ಚೀಟಿ ಕುಲುಕುತ್ತ.

ಸೊಸೈಟಿಯ ಯಮನೂರಪ್ಪನಿಗೆ ಚುನಾವಣೆ ಬಂತು.
ಅಲ್ಲಿ ವೋಟು ಹಾಕದಿದ್ದರೆ ದಂಡ.
ಹಾಕಿ ಬಂದವರು ಶಾಲೆಯಂಗಳದಲ್ಲಿ
ಬ್ರೆಡ್ಡಿನೊಳಗೆ ಸಾಸೇಜು ಇಟ್ಟು ತಿನ್ನುತ್ತಾರೆ,
ತಮ್ಮದೇ ದುಡ್ಡು ಕೊಟ್ಟು.
"ತಮ್ಮದ ರೊಕ್ಕ?" ಎಂದು
ತಾನೇ ಓದಿದ ಸಾಲನ್ನು ತಾನೇ ನಂಬದೆ
ಮತ್ತೆ ಓದಿದ.

ಪಂಪಾಪತಿ ಮಾಸ್ತರರಿಗೆ ಮಕ್ಕಳ ಸುದ್ದಿ.
ಹದಿನಾರು ತುಂಬದವರಿಗೆ ಮೊಬೈಲಿನ ಜಾಲತಾಣಗಳೆಲ್ಲ ಬಂದ್.
ಖುಷಿಯಲ್ಲಿ ಮನೆಯಲ್ಲೂ ಗಟ್ಟಿಯಾಗಿ ಓದಿದರಂತೆ,
ಮಗಳು ಎರಡು ದಿನ ಮಾತು ಬಿಟ್ಟಳು.

ಔಷಧದಂಗಡಿಯ ಖಾಜಾಬನಿ
ಕಾಡ್ಗಿಚ್ಚಿನ ಚಿತ್ರದ ಪಕ್ಕ ಪೆನ್ಸಿಲಿನಲ್ಲಿ ಲೆಕ್ಕ ಹಾಕುತ್ತಾಳೆ:
ಇಷ್ಟು ಹೊಗೆಗೆ, ಇಷ್ಟು ಊರಿಗೆ,
ಎಷ್ಟು ಇನ್‌ಹೇಲರು ಬೇಕಾದಾವು.

ನನ್ನ ಚೀಟಿಯಲ್ಲಿ ನದಿ.

ಕಾಲುವೆಯ ಗೇಜು ಓದುವವರಿಗೆ ನದಿಯೇ ಬರಬೇಕೆ!
ಮರ್ರಿ, ಡಾರ್ಲಿಂಗ್.
ಡಾರ್ಲಿಂಗ್ ಎಂದಾಗ ಎಲ್ಲರೂ ನಕ್ಕರು, ಸರ್ ಕೂಡ.
ಮೇಲೆ ಹತ್ತಿ ಬೆಳೆಯುವವರು, ಕೆಳಗೆ ಕಾಯುವವರು,
ಕಡಲು ಸೇರುವಲ್ಲಿ ಮರಳು ಕಟ್ಟಿ
ಯಂತ್ರದಿಂದ ಬಾಯಿ ತೆರೆಸಬೇಕಾದ ನದಿ.
ಒಂದು ಬೇಸಿಗೆ ಲಕ್ಷಗಟ್ಟಲೆ ಮೀನು ಹೊಟ್ಟೆ ಮೇಲಾಗಿ ತೇಲಿದವು.
ಓದುತ್ತ ಹೋದೆ, ದನಿ ಸರಾಗವಾಗಿತ್ತು,
ನೀರಿನ ಮೀಟರನ್ನೇ ಕೆಡಿಸಿದವರ ಸಾಲಿನವರೆಗೆ.

ಅಲ್ಲಿ ಕೆಮ್ಮು ಬಂದಂತೆ ಮಾಡಿದೆ.
ರಾತ್ರಿ ಪೈಪು ಇಳಿಯುವ ಜಾಗಗಳು ನನಗೆ ಗೊತ್ತು.
ಎರಡು ಪಾಯಿಂಟ್ ಒಂಬತ್ತು ಇದ್ದದ್ದನ್ನು
ಮೂರು ಪಾಯಿಂಟ್ ಎರಡು ಎಂದು ಬರೆದ ಕೈಯಿದು,
ಹಾಳೆ ಹಿಡಿದದ್ದೂ ಇದೇ.

ಕೊನೆಗೆ ಸರ್ ಹೇಳಿದರು:
ಅಲ್ಲಿ ಸಭೆ ಸುರುವಾಗುವ ಮುಂಚೆ
ಆ ನೆಲದ ಮೊದಲಿಗರ ಹೆಸರು ಹೇಳುತ್ತಾರೆ.
ಆ ಮೊದಲಿಗರ ದನಿಗೆ ಸಂವಿಧಾನದಲ್ಲಿ ಜಾಗ ಕೊಡೋಣವೇ ಎಂದು
ಊರೂರು ಕೇಳಿದಾಗ, ಬ್ಯಾಡ ಅಂದವರೇ ಹೆಚ್ಚು.
ಹೆಸರು ಹೇಳುವುದನ್ನು ಮಾತ್ರ ಬಿಟ್ಟಿಲ್ಲ.
"ನಿಮ್ಮೂರಾಗ ಮೊದ್ಲು ಯಾರಿದ್ರು ಅಂತ ಕೇಳಿದ್ರ ಏನಂತೀರಿ?"

ಯಮನೂರಪ್ಪ ವಿಜಯನಗರ ಎಂದ.
ಮಾಸ್ತರರು ಅದಕ್ಕೂ ಹಿಂದಿನ ಇಬ್ಬರು ರಾಜರನ್ನು ತಂದರು.
ಚಹಾದ ಗ್ಲಾಸು ಎತ್ತಲು ಬಂದ ಹುಲಿಗೆಮ್ಮ
ಬಾಗಿಲಲ್ಲೇ ನಿಂತು,
"ಮೋರ್ಯೇರು ಅಲ್ರೀ?
ಬೆಣಕಲ್ ಗುಡ್ಡದ ಮ್ಯಾಲೆ ಕಲ್ಲಿನ ಮನಿ ಅದಾವಲ್ಲ,
ಮೊಳದುದ್ದ ಮಂದಿ.
ಬೆಂಕಿ ಮಳಿ ಬರ್ತೈತಂತ ಬಂಡಿ ಹೊದ್ದು ಕುಂತ್ರು.
ಬಂತು. ಹೋದ್ರು."

"ಆಮ್ಯಾಲೆ?"
"ಆಮ್ಯಾಲೆ ನಾವು."
"ಆಮ್ಯಾಲೆ?"
ಆಕೆ ನನ್ನ ಕಡೆ ನೋಡಿ ನಕ್ಕಳು, ಕೆಟ್ಟ ಮನಸ್ಸಿನಿಂದಲ್ಲ.
"ಕಾಲುವಿ ಬಂದ ಮ್ಯಾಲೆ ನೀವು, ಕ್ಯಾಂಪಿನವರು."

ನಿಜವೇ. ನಮ್ಮ ತಾತ ನೀರಿನ ಹಿಂದೆ
ತೆಲುಗು ಮಾತಾಡುತ್ತ, ಎತ್ತಿನ ಗಾಡಿಯಲ್ಲಿ ಬಂದವನು.
ಇಲ್ಲಿ ಮೊದಲು ಯಾರಿದ್ದರೆಂದು
ಅವನೂ ಕೇಳಿರಲಿಕ್ಕಿಲ್ಲ,
ನಾನಂತೂ ಕೇಳಿಲ್ಲ.

ಅಲ್ಲಿಯವರನ್ನು ಕೇಳಬೇಕಾದ ಪ್ರಶ್ನೆಗಳ ಪಟ್ಟಿಯಲ್ಲಿ
ಮನೆ ಬಾಡಿಗೆ ಎಷ್ಟು, ಹಾಲಿನ ದರ ಎಷ್ಟು, ಆರಾಗಿದ್ದವು.
"ಅಲ್ಲಿ ಗ್ಲಾಸು ಯಾರು ತೊಳೀತಾರ, ಅದನ್ನೂ ಕೇಳಿ ಬರ್ರಿ"
ಎಂದು ಇಳಿದು ಹೋದಳು ಹುಲಿಗೆಮ್ಮ.
ಏಳು ಎಂದು ಅಂಕಿ ಹಾಕಿ ಖಾಜಾಬನಿ ಬರೆದುಕೊಂಡಳು.

ಸೋಮವಾರ, ಇನ್ನೂ ಮಬ್ಬು.
ಗೇಜಿನ ಬಿಳಿ ಹಲಗೆಗೆ ಪಾಚಿ.
ಅಂಗೈಯಿಂದ ಒರೆಸಿ ಬಗ್ಗಿ ನೋಡಿದೆ.
ದಂಡೆಯ ಮೇಲೆ ಯಾರದೋ ಮೋಟರ್‌ಸೈಕಲ್ ನಿಂತಿತು,
ಎಂಜಿನ್ ಆರಿಸಲಿಲ್ಲ.
ಪುಸ್ತಕ ತೆರೆದು ತಾರೀಖು ಬರೆದೆ, ವೇಳೆ ಬರೆದೆ.
ಎರಡೋ ಮೂರೋ,
ಮೊದಲ ಅಂಕಿಯ ಮೇಲೆ
ಪೆನ್ನು.