ಗುಂಡಿ ಡಬ್ಬಿಯ ಮುಚ್ಚಳ

ಕೋಡಿಬಾಗದ ಇನಾಸ ದರ್ಜಿಯ ಅಂಗಡಿಯಲ್ಲಿ
ಗುಂಡಿ ತುಂಬಿಟ್ಟ ತಗಡಿನ ಡಬ್ಬಿ.
ಯಾವುದೋ ಹಡಗಿನವ ಹೊಲಿಗೆಯ ಬಾಕಿಗೆ ಬಿಟ್ಟುಹೋದದ್ದು.
ಬಿಸ್ಕತ್ತು ತಿಂದವರು ಯಾರೋ.

ಮುಚ್ಚಳದ ಮೇಲೊಂದು ಮಧ್ಯಾಹ್ನ.
ಕೆರೆ. ಕೆರೆಯ ತುಂಬ ಹಾಲಿಗೆ ಬೆಲ್ಲ ಬಿದ್ದಂಥ ಬೆಳಕು.
ದೋಣಿಯಲ್ಲಿ ಮೂವರು ಹೆಂಗಸರು, ಒಬ್ಬ ಕೊಳಲಿನವ,
ಹಿಟ್ಟು ಸುರಿದುಕೊಂಡಂತೆ ಅವನ ತಲೆ ಬಿಳಿ,
ಕೆನ್ನೆ ಮಾತ್ರ ಹದಿನೆಂಟರದ್ದು.
ಒಬ್ಬಳು ಗಾಳ ಹಿಡಿದಿದ್ದಾಳೆ, ಕಿರುಬೆರಳೆತ್ತಿ,
ಮೀನು ಬಂದರೆ ಕ್ಷಮೆ ಕೇಳುವವಳ ಹಾಗೆ.

ಗುಂಡಿ ಹೊಲಿಯುವುದು ನನ್ನ ಕೆಲಸ, ಡಜನಿಗೆ ಎಂಟಾಣೆ.
ನೂಲು ಪೋಣಿಸುವ ನೆಪದಲ್ಲಿ
ಆ ಕೆರೆಗೇ ಹೋಗಿ ಬರುತ್ತಿದ್ದೆ.

"ಒಂದು ಲಂಗಕ್ಕೆ ಇಪ್ಪತ್ತೆರಡು ವಾರ,"
ಇನಾಸ ಬಾಬ್ ಕನ್ನಡಕ ಏರಿಸಿ ಲೆಕ್ಕ ಹಾಕುತ್ತಿದ್ದರು.
"ನೆರಿಗೆಗೇ ಅರ್ಧ ಹೋಯ್ತು.
ಹೊಲಿದವನ ಕಣ್ಣೂ ಹೋಗಿರಬೇಕು."

ಬೋಟುಗಳೆಲ್ಲ ದಡ ಹತ್ತಿ ಕೂತ ಆಷಾಢ.
ರವಿಕೆ ಆಯಿತೋ ಕೇಳಲು ಬಂದ ಬುದವಂತಿ ಹರಿಕಂತ್ರ
ಮುಚ್ಚಳ ಎತ್ತಿಕೊಂಡು
ಬಾಂಗಡೆಯ ಕಿವಿರು ನೋಡುವ ಕಣ್ಣಲ್ಲೇ ನೋಡಿದಳು.
"ಇದು ಯಾವ ಕಡೆಯ ಗಾಳಿ?
ಸೆರಗು ಆಚೆ ಹಾರ್ತದೆ, ಅಲೆ ಈಚೆ ಬರ್ತದೆ.
ಅದಿರಲಿ, ಹುಟ್ಟು ಹಾಕುವವ ಎಲ್ಲಿ?"

ಇಷ್ಟು ವರ್ಷ ನಾನು ಕೇಳಿರಲಿಲ್ಲ.

ಹುಡುಕಿದೆವು.
ಅಂಚು ಮಡಚಿದಲ್ಲಿ, ತುಕ್ಕಿನ ಕೆಳಗೆ,
ಒಂದು ಮೊಣಕೈ.
ಕಂದು ಅಂಗಿಯ ತೋಳು, ಮೂರು ಬೆರಳು, ಹುಟ್ಟಿನ ಹಿಡಿ.
ಮುಖ, ತಗಡು ಬಾಗಿದಾಗಲೇ, ಆ ಬದಿಗೆ ಹೋಗಿತ್ತು.

"ಹಾಂ, ಇದ್ದಾನೆ" ಎಂದಳು
ಸಂತೆಯಲ್ಲಿ ನೆಂಟ ಸಿಕ್ಕ ದನಿಯಲ್ಲಿ.
ರವಿಕೆ ಮರೆತು ಹೊಸ್ತಿಲ ಮೇಲೇ ಕೂತು
ಕವಳದ ಸಂಚಿ ಬಿಚ್ಚಿದಳು.

ಮಳೆ ಹೊಳವಾಗಿತ್ತು. ಸೇತುವೆಯ ಕೆಳಗೆ
ಕಾಳಿ ನದಿ ಕೆಂಪಗೆ ಸಮುದ್ರ ಸೇರುತ್ತಿತ್ತು.
ದರ್ಜಿಯ ಸುಣ್ಣದ ಬಿಲ್ಲೆಯಲ್ಲಿ ನೆಲಕ್ಕೆ ಚೌಕ ಬರೆದೆವು,
ನಾಲ್ಕು ಬಿಳಿ ಗುಂಡಿ ನನಗೆ, ನಾಲ್ಕು ಕರಿ ಅವಳಿಗೆ,
ಹುಣಸೆ ಬೀಜದ ದಾಳ.
ಇನಾಸ ಬಾಬ್ ಮಿಷಿನ್ನಿನಿಂದ ಕಾಲು ತೆಗೆದು
ಇಬ್ಬರಿಗೂ ತಪ್ಪು ನಡೆ ಹೇಳಿಕೊಟ್ಟರು.
ಬುದವಂತಿ ಬೀಜ ಎರಡೆರಡು ಸಲ ಹಾಕಿದಳು, ಜಗಳಾಡಿದಳು, ಗೆದ್ದಳು.
ದೀಪ ಹಚ್ಚುವವರೆಗೆ ಯಾರೂ ಯಾರಿಗೂ ಬೇಕಾಗಲಿಲ್ಲ.

ಮರುದಿನ ಬಂದರಿನ ಗುಮಾಸ್ತರ ಕೋಟಿಗೆ
ಒಂದು ಕರಿ ಗುಂಡಿ ಕಡಿಮೆ ಬಿತ್ತು.
ಡಬ್ಬಿ ಬೋರಲು ಹಾಕಿ ಬೈಸಿಕೊಂಡೆ.
ಎಲ್ಲಿದೆ ಅಂತ ಗೊತ್ತಿತ್ತು,
ಹೇಳಲಿಲ್ಲ.