ವಾಸನೆಯಿಲ್ಲದ ಉಪ್ಪು

ಸುರತ್ಕಲ್ಲಿನ ಲ್ಯಾಬಿನಿಂದ ಇದನ್ನು
ಹೊರಗೆ ಒಯ್ಯಬಾರದೆಂದು ನಿಯಮ. ಒಯ್ದೆ.
ಕಿರುಬೆರಳುದ್ದದ ಸೀಸೆ,
ಒಳಗೆ ಕಾಡಿಗೆಗಿಂತ ಕಪ್ಪು ಪುಡಿ.
ಬಂದರಿನಿಂದ ಬೆಂಗ್ರೆಗೆ ದಾಟುವ ಫೆರಿಯಲ್ಲಿ
ಬ್ಯಾಗಿನ ಮೇಲೆ ಕೈಯಿಟ್ಟೇ ಕೂತೆ,
ಪಕ್ಕದವಳ ಬುಟ್ಟಿಯ ಬೂತಾಯಿ
ನನ್ನ ಚೂಡಿದಾರಕ್ಕೆ ಒರಗಿದ್ದರೂ ಸರಿಯದೆ.

ದೂಮಪ್ಪ ಮಾವ ಧಕ್ಕೆಯ ಐಸ್ ಪ್ಲಾಂಟಿನಲ್ಲಿ
ಮೂವತ್ತೊಂದು ವರ್ಷ.
ಅಮೋನಿಯದ ಕೊಳವೆ, ಉಪ್ಪುನೀರಿನ ತೊಟ್ಟಿ,
ಅದರಲ್ಲಿ ಕುತ್ತಿಗೆತನಕ ಮುಳುಗಿದ ತಗಡಿನ ಡಬ್ಬಗಳು.
ಒಂದು ರಾತ್ರಿ ವಾಲ್ವ್ ಬಾಯಿ ಬಿಟ್ಟಿತು.
ಒದ್ದೆ ಗೋಣಿ ಮುಖಕ್ಕೆ ಸುತ್ತಿ ಒಳಹೊಕ್ಕು
ತಿರುಗಿಸಿ ಬಂದವರಿಗೆ ಕಣ್ಣು ಉಳಿಯಿತು.
ಮೂಗು?
"ಉಂಟಲ್ಲ ಮಾರಾಯ್ತಿ, ಕನ್ನಡಕ ನಿಲ್ಲಲಿಕ್ಕೆ."

"ಇಂದು ದಾದ?" ಅಂದರು, ಸೀಸೆ ಹಿಡಿದು.
ಉಪ್ಪು, ಅಂದೆ.
"ಕರಗಿಸಿದ್ದಾ?"
ನೀರೇ ಇಲ್ಲ ಮಾವ. ಉಪ್ಪೇ ದ್ರವ.
ಅಲ್ಲಾಡಿಸಿದರು. ಪುಡಿ.
ತೂಕದಲ್ಲಿ ಮೋಸ ಮಾಡುವ ಸಾಹುಕಾರನನ್ನು ನೋಡಿದ ಹಾಗೆ
ನನ್ನನ್ನು ನೋಡಿದರು.

ಒಂದೊಂದು ಕಣವೂ ಟೊಳ್ಳು, ಇಂಗಾಲದ ಚಿಪ್ಪು,
ಕೂದಲ ದಪ್ಪದಲ್ಲಿ ನೂರು ಕೂತಾವು.
ಚಿಪ್ಪಿನೊಳಗೆ ಆ ದ್ರವ.
ಒಟ್ಟಿಗೆ ಹೊಯ್ದರೆ ಬೆಲ್ಲದ ಪಾಕದಷ್ಟು ಮಂದ,
ಗಾಳಿ ಒಳಗಿಳಿಯುವಾಗ ಸಂಜೆಯಾಗುತ್ತದೆ;
ಹೀಗೆ ಹಂಚಿಟ್ಟರೆ ಎಲ್ಲೆಲ್ಲೂ ಬಾಗಿಲು.
ಗಟ್ಟಿಯಾಗುವುದಿಲ್ಲವೇಕೆ ಅಂದರೆ,
ಸುರತ್ಕಲ್ ಬಸ್ಸಿನ ಹಿಂದಿನ ಸೀಟು:
ಒಬ್ಬಳ ಮಡಿಲಲ್ಲಿ ಸೊಟ್ಟ ಕೊಡೆ, ದೊಡ್ಡ ಚೀಲ,
ಇನ್ನೊಬ್ಬ ಚೋಟುದ್ದ,
ಸಾಲಾಗಿ ಕೂರಿ ಎಂದರೆ ಯಾರು ಕೂರುತ್ತಾರೆ?

ಮಾವ ತಲೆಯಾಡಿಸಿದರು, ಬಸ್ಸಿಗಲ್ಲ.
"ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೂ
ನಮ್ಮ ತೊಟ್ಟಿ ಗಟ್ಟಿಯಾಗುತ್ತಿರಲಿಲ್ಲ.
ಉಪ್ಪಿಗೆ ಹಟ ಉಂಟು."
ಆಮೇಲೆ, "ಹಾಗಾದರೆ ಇದೊಂದು ಬಲೆ."

ಅಲ್ಲ. ಬಲೆಯ ಕಣ್ಣು ಗಾತ್ರ ನೋಡುತ್ತದೆ.
ನೈಟ್ರೋಜನ್ನಿಗಿಂತ ಅಮೋನಿಯ ಚಿಕ್ಕದು,
ಬಲೆಯಾಗಿದ್ದರೆ ಅದೇ ನುಸುಳಬೇಕಿತ್ತು.
ಇಲ್ಲಿ ದೊಡ್ಡದು ದಾಟಿ ಹೋಗುತ್ತದೆ,
ಚಿಕ್ಕದು ಉಳಿದುಬಿಡುತ್ತದೆ,
ಚಹಾಕ್ಕೆಂದು ಬಂದು ಊಟಕ್ಕೂ ಕೂತ ನೆಂಟರ ಹಾಗೆ.

ಮೊನ್ನೆ ಬೆರಳು ದಪ್ಪದ ಗಾಜಿನ ಕೊಳವೆಯಲ್ಲಿ
ನಲವತ್ತೇಳು ನಿಮಿಷ
ಅಮೋನಿಯದ ಸುಳಿವಿಲ್ಲ.
ಪರದೆಯ ಮೇಲೆ ಗೆರೆ, ಗಾಳಿಯಿಲ್ಲದ ದಿನದ
ಗುರುಪುರ ಹೊಳೆಯಂತೆ ಮಲಗಿತ್ತು.
ನಲವತ್ತೆಂಟಕ್ಕೆ ಎದ್ದಿತು.
ಕಾಯಿಸಿದರೆ ನೆಂಟರು ಹೊರಡುತ್ತಾರೆ, ಚಿಪ್ಪು ಮತ್ತೆ ಸಿದ್ಧ.
ಹನ್ನೊಂದನೆಯ ಸಲಕ್ಕೆ ತುಸು ಸೋಲುತ್ತದೆ.
ಯಾಕೆಂದು ಗೊತ್ತಿಲ್ಲ. ಗೈಡಿಗೆ ಇನ್ನೂ ಹೇಳಿಲ್ಲ.

"ಆ ರಾತ್ರಿ ಇದು ಇದ್ದಿದ್ದರೆ?"
ಈ ಸೀಸೆ ಒಂದು ಉಸಿರಿಗೂ ಸಾಲದು ಮಾವ.
ಪ್ಲಾಂಟಿಗಾದರೆ ಹಂಡೆಗಟ್ಟಲೆ ಬೇಕು,
ನಾವು ಕೊಳ್ಳುವುದೇ ಗ್ರಾಮಿನ ಲೆಕ್ಕದಲ್ಲಿ.
"ಹ್ಞೂಂ," ಅಂದರು. ಐಸಿನ ದರ ಕೇಳಿದವರಿಗೆ
ಹೇಳುತ್ತಿದ್ದ ಅದೇ ಹ್ಞೂಂ.

ಬಿರಡೆ ತೆಗೆದು ಮೂಸಿದರು.
ಹತ್ತಿರ ಬೇಡ ಎನ್ನುವಷ್ಟರಲ್ಲಿ ಇನ್ನೊಮ್ಮೆ.
"ಏನೂ ಇಲ್ಲ," ತಪ್ಪು ತಮ್ಮದೇ ಎಂಬಂತೆ.
ನಾನು ಮೂಸಿದೆ.
ನನಗೂ ಇಲ್ಲ. ಇದು ಆವಿಯಾಗುವುದೇ ಇಲ್ಲ, ಮಾವ,
ಯಾರ ಮೂಗಿಗೂ ಸಿಗುವುದಿಲ್ಲ.
"ಸುಳ್ಳು."
ನಿಮ್ಮಾಣೆ.

ಬಾಗಿಲಲ್ಲಿದ್ದ ಪಕ್ಕದ ಮನೆಯ ಅಶ್ಫಾಕನನ್ನು ಕರೆದು
"ಮೂಸು ನೋಡುವ" ಅಂದರು.
"ಎಂತ ಸಾ ಇಲ್ಲ ಅಜ್ಜ."
ಮಾವನಿಗೆ ನಗು ಬಂತು, ಹೊಟ್ಟೆಯಿಂದ,
ಕನ್ನಡಕ ತೆಗೆದು ಒರೆಸಿಕೊಳ್ಳುವಷ್ಟು:
"ನೋಡು, ನೋಡು, ಇವನಿಗೂ ಇಲ್ಲವಂತೆ!"

ಅಡುಗೆಮನೆಯಲ್ಲಿ, ಅತ್ತೆ ಬಾವಿಗೆ ಹೋಗಿದ್ದ ಹೊತ್ತು,
ಕಾವಲಿಯ ಮೇಲೆ ಮೀನು ಸೀಯುತ್ತಿತ್ತು.
ಹುಡುಗ ನನ್ನತ್ತ ನೋಡಿದ.
ತುಟಿಯ ಮೇಲೆ ಬೆರಳಿಟ್ಟು ಎದ್ದೆ,
ಸದ್ದಾಗದ ಹಾಗೆ ಒಳಗೆ ಹೋಗಿ
ಗ್ಯಾಸ್ ಆರಿಸಿದೆ.